ಹದಿನಾಲ್ಕನ್ನು ನಾಲ್ಕು ಮಾಡಿದ್ದು

ತೊಂಬತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯ ಒಂದು ಪುಟ್ಟ ಲ್ಯಾಬಿನಲ್ಲಿ ನಾನು ರಕ್ತ ತೆಗೆಯುವ ಕೆಲಸಕ್ಕಿದ್ದೆ. ಸಕ್ಕರೆ, ಹಿಮೋಗ್ಲೋಬಿನ್ ನಮ್ಮಲ್ಲೇ ಆಗುತ್ತಿತ್ತು. ದೊಡ್ಡ ಪರೀಕ್ಷೆಯ ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ಬೆಂಗಳೂರಿಗೆ ಕಳಿಸುತ್ತಿದ್ದೆವು. ಅಲ್ಲಿಂದ ಬಂದ ಫಲಿತಾಂಶವನ್ನು ನಮ್ಮ ಲೆಟರ್‌ಹೆಡ್ಡಿನ ಮೇಲೆ ಕೈಯಲ್ಲಿ ಬರೆದು ಸೀಲು ಒತ್ತಿ ಕೊಡುವುದು ವಾಡಿಕೆ. ಅಕ್ಷರ ಚೆಂದ ಅಂತ ಹೊಗಳಿ ಹೊಗಳಿ ಆ ಕೆಲಸ ನನ್ನ ತಲೆಗೆ ಕಟ್ಟಿದ್ದರು.

ಹೀಗಾಗಿ ಅಪ್ಪನ ರಿಪೋರ್ಟನ್ನೂ ನಾನೇ ಬರೆಯಬೇಕಾಯಿತು. ಬಾಣಾವರದ ಹತ್ತಿರ ರೈಲ್ವೆ ಗೇಟ್ ಕಾದು ನಿವೃತ್ತರಾದ ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಅವರಿಗೆ ಮಾತ್ರ ಹುಣ್ಣು ಅಂತ ಹೇಳಿದ್ದೆವು. ಅಣ್ಣನ ಆಜ್ಞೆ. ಮೂರು ತಿಂಗಳಿಗೊಮ್ಮೆ ಸಿಇಎ ಪರೀಕ್ಷೆ. ಅದು ರಕ್ತದಲ್ಲಿರುವ ಒಂದು ಪ್ರೋಟೀನ್. ಗಡ್ಡೆ ಮತ್ತೆ ಬೆಳೆದರೆ ಏರುತ್ತದೆ. “ಹುಣ್ಣಿನ ನಂಜು, ಐದರೊಳಗಿದ್ದರೆ ಸರಿ” ಅಂತ ಅಣ್ಣ ಅಪ್ಪನಿಗೆ ಪಾಠ ಮಾಡಿದ್ದ. ಮೂರು ತಿಂಗಳಾಚೆಗೆ ಏನನ್ನೂ ಯೋಚಿಸುವ ಧೈರ್ಯ ನನಗಿರಲಿಲ್ಲ. ನನ್ನನ್ನು ನೋಡಲು ಬರುತ್ತೇವೆಂದ ಗಂಡಿನ ಕಡೆಯವರನ್ನೂ ಮುಂದಿನ ರಿಪೋರ್ಟಿನವರೆಗೆ ಅಂತ ಮುಂದೂಡುತ್ತಲೇ ಇದ್ದೆ.

ಎರಡನೇ ವರ್ಷ ಹದಿನಾಲ್ಕು ಬಂತು.

ಅಪ್ಪ ಲ್ಯಾಬಿನ ಬೆಂಚಿನ ಮೇಲೆ ಕಾಯುತ್ತಿದ್ದರು. “ಎಷ್ಟು ಬಂದೈತವ್ವ?” ಅಂದರು. ನಾನು ನಾಲ್ಕು ಅಂತ ಬರೆದೆ, ಸೀಲು ಒತ್ತಿದೆ. ಅಪ್ಪ ಕಾಗದವನ್ನು ಜೇಬಿಗಿಟ್ಟು, ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರು.

ನಿಜವಾದ ಕಾಗದವನ್ನು ಆಪರೇಷನ್ ಮಾಡಿದ್ದ ಬೆಂಗಳೂರಿನ ಡಾಕ್ಟರಿಗೆ ಕಳಿಸಿದೆ. ಕೂಡಲೇ ಕರೆತನ್ನಿ, ತಡಮಾಡಿದರೆ ಕಷ್ಟ ಎಂದರು. ಅಪ್ಪ ಅಷ್ಟರಲ್ಲಿ ಹಳೇಬೀಡಿನ ಅತ್ತೆ ಮನೆಗೆ ರಾಗಿ ಕೊಯ್ಲಿಗೆ ಹೋಗಿದ್ದರು. ಬಸ್ಸು ಹಿಡಿದು ಹೋಗಿ ಕರೆದೆ.

“ನಾಕೈತೆ ಅಂತ ನೀನೇ ಬರ್ದು ಕೊಟ್ಟಿದ್ದೀಯ. ಇನ್ಯಾಕೆ ಬೆಂಗ್ಳೂರು? ಸುಮ್ನಿರು” ಅಂದವರೇ ಕಾಗದ ತೆಗೆದು ಅತ್ತೆಗೂ ತೋರಿಸಿದರು.

ಗೋಗರೆದೆ, ಜಗಳವಾಡಿದೆ, ಊಟ ಬಿಟ್ಟೆ. ಅಪ್ಪ ಜಗ್ಗಲಿಲ್ಲ. ಎಲ್ಲರ ಬಾಯಿಗೆ ಬೀಗ ಹಾಕಿ ತಾನು ಹಾಯಾಗಿದ್ದ ಅಣ್ಣನನ್ನು ಮನಸ್ಸಿನಲ್ಲೇ ಬೈದೆ. ಆದರೆ ನಾಲ್ಕು ಅಂತ ಬರೆದ ಕೈ ನನ್ನದು. ಮೂರನೇ ದಿನ ಹೊಲದ ಬದುವಿನ ಮೇಲೆ ನಿಂತು ಹೇಳಿಬಿಟ್ಟೆ: ಬಂದದ್ದು ಹದಿನಾಲ್ಕು, ಆಗಿದ್ದದ್ದು ಹುಣ್ಣಲ್ಲ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕುಡುಗೋಲನ್ನು ಅತ್ತೆಯ ಕೈಗೆ ಕೊಟ್ಟು, “ನಡಿ, ಬತ್ತೀನಿ” ಅಂದರು.

ಲಿವರಿನಲ್ಲಿ ಒಂದೇ ಒಂದು ಗಂಟು ಇತ್ತು. ಅದನ್ನು ತೆಗೆದರು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಎರಡು ಬಂತು. ಈ ಸಲ ನಾನು ಏನೂ ಬರೆಯಲಿಲ್ಲ. ಬೆಂಗಳೂರಿನಿಂದ ಬಂದ ಅಚ್ಚಿನ ಕಾಗದವನ್ನೇ ಹಿಡಿದು ಮನೆಗೆ ಓಡಿದೆ. “ಎರಡು ಅಪ್ಪ, ಎರಡೇ!” ಅನ್ನುವಷ್ಟರಲ್ಲಿ ಖುಷಿಗೆ ಅಳು ಬಂದುಬಿಟ್ಟಿತು.

ಅಪ್ಪ ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದರು. ಹತ್ತಿರ ಕರೆದು ತಲೆ ನೇವರಿಸಿದರು.

“ಅಳ್ಬೇಡ ಕಣವ್ವ. ಇನ್ನೆಷ್ಟು ದಿನ ಐತೆ, ಅದೊಂದು ನಿಜ ಹೇಳ್ಬಿಡು.”