ಅಂಚಿನಿಂದ ಬಂದ ಚರ್ಮ

ನಮ್ಮವರ ಬಲಗೈ ಮೇಲೆ ಮೊದಲು ಕಂಡದ್ದು ನರಹುಲಿಯಂಥ ಒಂದು ಗಂಟು. ಕಾಳುಮೆಣಸಿನಷ್ಟಿತ್ತು. ಮಾದಾಪುರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಅವರದು ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಕಡಿದ ಜಾಗ ನೀರಿಳಿದು ಕೊಳೆಯದಂತೆ ಡಾಂಬರು ಬಳಿಯಬೇಕು. ಬ್ರಷ್ಷು ಕೊಟ್ಟರೂ ಇವರಿಗೆ ಬಟ್ಟೆ ಚೂರೇ ಆಗಬೇಕು. ವರ್ಷಗಟ್ಟಲೆ ಮಣಿಕಟ್ಟಿನವರೆಗೂ ಕಪ್ಪು.

ಗಂಟು ಒಡೆದು ಹುಣ್ಣಾಯಿತು. ಮಹಾರಾಯರು ಅದಕ್ಕೂ ಡಾಂಬರು ಬಳಿದರು.

"ಮರದ ಗಾಯ ಮಾಯ್ತದೆ, ನಂದು ಮಾಯಲ್ವೇನೇ?" ಅಂದರು.

ನನಗೂ ಸರಿಯೆನಿಸಿತು. ಡಾಂಬರು ಬಳಿದ ಕಡೆ ತೊಗಟೆ ಸುತ್ತಲಿಂದ ಬಂದು ಕೂಡುವುದನ್ನು ನಾನೂ ಕಂಡವಳೇ. ಹುಣ್ಣು ಮಾತ್ರ ಅಂಚು ದಪ್ಪವಾಗುತ್ತಾ ಅಗಲವಾಯಿತು. ಕೊನೆಗೆ ಜಗಳವಾಡಿ ಬಸ್ಸು ಹತ್ತಿಸಿ ಮಡಿಕೇರಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಒಂದು ಚೂರು ಕತ್ತರಿಸಿ ಬಯಾಪ್ಸಿಗೆಂದು ಮೈಸೂರು ರಾಜ್ಯಕ್ಕೆ ಕಳಿಸಿದರು. ನಮ್ಮದು ಮೈಸೂರಿಗೆ ಸೇರದ ಪುಟ್ಟ ಕೊಡಗು ರಾಜ್ಯ, ಇಲ್ಲಿ ಆ ಪರೀಕ್ಷೆ ಇಲ್ಲವಂತೆ. ಕಾದೆವು.

ಕ್ಯಾನ್ಸರ್.

"ಡಾಂಬರಿಂದಲೇ ಬಂದಿರೋದು," ಅಂದರು ಡಾಕ್ಟರು. "ಅದು ದಿನಾ ಚರ್ಮನ ಸುಡ್ತದೆ. ಸತ್ತ ಕಣಗಳ ಜಾಗ ತುಂಬೋಕೆ ಉಳಿದವು ಅವಸರದಲ್ಲಿ ಬೆಳೀತವೆ. ಹಾಗೆ ಬೆಳೀತಾ ಕೆಲವು ಕೆಟ್ಟೋಗ್ತವೆ. ಅವಕ್ಕೆ ನಿಲ್ಲೋದು ಗೊತ್ತಿರಲ್ಲ."

"ಕೈ ಉಳೀತದಾ ಸ್ವಾಮಿ?" ಇವರು ಕೇಳಿದರು.

"ಹುಣ್ಣನ್ನ ಸುತ್ತಲಿನ ಚರ್ಮದ ಸಮೇತ ತೆಗೀತೀನಿ. ಮತ್ತೆ ಬಂದ್ರೆ ಮಾತ್ರ ಕೈನೇ ತೆಗೀಬೇಕಾಗ್ತದೆ ಗೌಡ್ರೇ."

ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಡ್ರೆಸ್ಸಿಂಗ್ ನನ್ನ ಪಾಲಿಗೆ. ಹೊಸ ಚರ್ಮ ಅಂಚಿನಿಂದ ಒಳಗೆ ಬರುತ್ತದೆ ಎಂದಿದ್ದರು. ಬಂತು. ತೆಳ್ಳಗೆ, ಕೆಂಪಗೆ, ಹಾಲಿನ ಕೆನೆಯಷ್ಟು. ಸಂತೋಷಪಡಬೇಕಾದವಳು ನಾನು ಹೆದರಿ ಸತ್ತೆ. ಬೆಳೆಯದಿದ್ದರೆ ಗಾಯ ಮುಚ್ಚುವುದಿಲ್ಲ, ಆದರೆ ಬೆಳೆಯುತ್ತಿರುವುದು ಒಳ್ಳೆಯ ಚರ್ಮವೋ ಅಥವಾ ನಿಲ್ಲುವುದು ಗೊತ್ತಿಲ್ಲದ ಆ ಇನ್ನೊಂದೋ ಎಂದು ಓದುಬರಹವಿಲ್ಲದ ನನ್ನ ಕಣ್ಣು ಹೇಗೆ ಹೇಳಬೇಕು?

ಒಂದು ಬೆಳಿಗ್ಗೆ ಅಂಚು ಉಬ್ಬಿದಂತೆ ಕಂಡಿತು.

ಒಲೆ ಆರಿಸಿ ಮತ್ತೆ ಬಸ್ಸು ಹತ್ತಿದೆವು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು, ಒತ್ತಿದರು.

"ಮೆತ್ತಗಿದೆ. ಇದು ಒಳ್ಳೇ ಚರ್ಮನೇ ಕಣಮ್ಮ. ಎರಡೂ ಕಡೆಯಿಂದ ಬಂದು ಕೂಡಿದ ಮೇಲೆ ತಾನೇ ನಿಲ್ತದೆ. ಆಮೇಲೂ ಉಬ್ತಾ ಹೋದ್ರೆ ತಕ್ಷಣ ಬನ್ನಿ."

ಈಗ ಗಾಯ ಕೂಡಿದೆ. ಉಬ್ಬಿಲ್ಲ. ಆ ಜಾಗದಲ್ಲಿ ಕೂದಲಿಲ್ಲ, ಬಿಸಿಲು ತಾಗಿದರೆ ಉರಿಯುತ್ತದೆ. ಡಾಂಬರು ಇನ್ನು ಮುಟ್ಟುವ ಹಾಗಿಲ್ಲ. ಎಸ್ಟೇಟಿನ ಲೆಕ್ಕ, ಹಾಜರಿ ನೋಡುವ ರೈಟರು ಇವರನ್ನು ಕಾಫಿ ಒಣಗಿಸುವ ಕಣಕ್ಕೆ ಹಾಕಿದ್ದಾರೆ. ಹುಣ್ಣು ಮತ್ತೆ ಬರಬಹುದು, ಆಗಾಗ ತೋರಿಸುತ್ತಿರಿ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಇಷ್ಟಾದರೂ ಆಯಿತಲ್ಲ ಎಂದು ದೇವರಿಗೆ ಕೈ ಮುಗಿದಿದ್ದೇನೆ.

ಮೊನ್ನೆ ಊಟ ಬಡಿಸುತ್ತಾ ಅದೇ ಕೈ ನೋಡುತ್ತಿದ್ದೆ. ಇವರು ತಟ್ಟೆಯಿಂದ ಕೈ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡರು.

"ಕೈ ನೋಡಿದ್ದು ಸಾಕು. ಒಂದ್ಸಲ ನನ್ ಮುಖನೂ ನೋಡೇ."

ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ಗಡ್ಡವೆಲ್ಲ ಬೆಳ್ಳಗಾಗಿತ್ತು. ನನಗಿಂತ ಹೆಚ್ಚು ಹೆದರಿದವರು ಅವರು.