ರೋಹ್ತಾಂಗಿಗೆ ಹೊತ್ತ ಶರಬತ್ತು

ಬರಫ್ ಅಂದರೆ ನಮಗೆ ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಹೆರೆದ ಮಂಜುಗಡ್ಡೆಗೆ ಶರಬತ್ತು ಸುರಿದು ಕೊಡುವ ಗೋಲಾ ಬಂಡಿ ಮಾತ್ರ ಆಗಿದ್ದ ದಿನಗಳು ಅವು. ಅಪ್ಪನಿಗೆ ನೌಕರಿಯಲ್ಲಿ ಪ್ರವಾಸದ ರಜೆ ಸಿಕ್ಕಿ, "ಬರಫಿನ ಗುಡ್ಡಕ್ಕ ಹೋಗೂಣು" ಅಂದಾಗ ನಾನೂ ತಂಗಿ ಸಾವಿತ್ರಿಯೂ ಮೊದಲು ಕಟ್ಟಿಕೊಂಡದ್ದು ಒಂದು ಬಾಟಲಿ ಕೆಂಪು ಶರಬತ್ತು. ಗುಡ್ಡದಷ್ಟು ಗೋಲಾ ಬಿಡುವುದುಂಟೆ? ನ್ಯಾಲ್ಕಲ್ ಕಡೆ ಕುರಿ ಕಾಯುತ್ತಲೇ ಮುದುಕನಾದ ನಮ್ಮ ಅಜ್ಜ, ಮುತ್ಯಾ, ಕರಿ ಕಂಬಳಿ ಹೆಗಲಿಗೆ ಹಾಕಿಕೊಂಡ.

"ಅಲ್ಲಿ ಕೋಟು ಬಾಡಿಗಿಗಿ ಸಿಗ್ತಾವಂತರಿ ಮಾವಾ," ಅಂದಳು ಅವ್ವ.

"ಮಂದಿ ಬೆವರಿನ ಕೋಟು ನೀನೇ ಹಾಕ್ಕೋವ್ವಾ."

ಮನಾಲಿಯಿಂದ ಜೀಪು ಸುತ್ತಿ ಸುತ್ತಿ ರೋಹ್ತಾಂಗ್ ಕಣಿವೆಗೆ ಏರಿತು. ಮೇಲೆ ಒಂದು ಮರವೂ ಇಲ್ಲ. ಗೇಣುದ್ದದ ಹುಲ್ಲು, ಹಳದಿ ಹೂ, ನಡುನಡುವೆ ಬರಫ್. ಕುದುರೆ ಲದ್ದಿ, ಡೀಸೆಲ್, ಸುಟ್ಟ ಮೆಕ್ಕೆತೆನೆಯ ವಾಸನೆ. ದಾರಿ ಬದಿಯ ಬರಫ್ ಹೊಗೆಗೆ ಕಪ್ಪಾಗಿತ್ತು. ಬೆಳ್ಳಗಿನದನ್ನು ಹುಡುಕುತ್ತ ನಾವಿಬ್ಬರೂ ಇಳಿಜಾರಿಗೆ ಹೋದೆವು. ಅಲ್ಲಿನ ಕುರುಬರ ಹಿಂಡೊಂದು ದಾಟುತ್ತಿತ್ತು. ಮುಂದಿನ ಟಗರು ಬರಫಿನ ಅಂಚಿಗೆ ಬಂದು, ಮೂಸಿ, ಕಲ್ಲಿನ ಮೇಲೆ ಸುತ್ತು ಹಾಕಿ ಹೋಯಿತು, ಹಿಂದಿನವೂ ಹಾಗೆಯೇ. ನಮಗೆ ನಗು. ನೇರ ನಡೆದೆವು.

"ಹಿರ್‍ರ್‍ರ್ ಹೋ!"

ಮುತ್ಯಾನ ಕೂಗು. ಕುರಿ ನಿಲ್ಲಿಸುವುದಕ್ಕೂ ಮಕ್ಕಳನ್ನು ನಿಲ್ಲಿಸುವುದಕ್ಕೂ ನಮ್ಮ ಮನೆಯಲ್ಲಿ ಅದೊಂದೇ. ನನ್ನ ಕಾಲುಗಳು ತಾವಾಗಿ ನಿಂತವು. ಸಾವಿತ್ರಿ ಆಗಲೇ ಎತ್ತಿದ್ದ ಕಾಲನ್ನು ಊರಿದಳು. ಬರಫ್ ಕುಸಿದು ಎದೆಮಟ್ಟ ಹೂತಳು. ಕೆಳಗೆ ಹಳ್ಳ ಹರಿಯುವ ಸದ್ದು ಕೇಳಿಸಿತು.

ಮುತ್ಯಾ ಬಂಡೆಯ ಮೇಲೆ ಬೋರಲು ಮಲಗಿ ಕಂಬಳಿ ಬೀಸಿದ. "ಅಲ್ಲಾಡಬ್ಯಾಡ! ಎರಡೂ ಕೈಲಿ ಹಿಡಕೋ!"

"ಕೈಯಾಗ ಬಾಟಲಿ ಅದ ಮುತ್ಯಾ!"

"ಒಗಿ ಅದಕ್ಕ, ನನ್ನವ್ವಾ!"

ಬಾಟಲಿ ಆ ತೂತಿನೊಳಗೆ ಜಾರಿತು. ಅದು ತಳ ಮುಟ್ಟಿದ ಸದ್ದಿಗಾಗಿ ನಾನು ಈಗಲೂ ಕಿವಿಗೊಟ್ಟೇ ಇದ್ದೇನೆ.

ಸಾವಿತ್ರಿಯನ್ನು ಎಳೆದು ತಂದು, ಕಂಬಳಿಯಲ್ಲಿ ಸುತ್ತಿ, ಮುತ್ಯಾ ಬೈದ: "ಕುರಿ ಹೋಗಲಾರದ ಕಡಿ ಹೋಗ್ತೀರಿ? ಕುರಿಗಿಂತ ಶಾಣ್ಯಾ ಆಗೀರೇನು?"

ಸಾವಿತ್ರಿ ಹಲ್ಲು ಕಟಕಟಿಸುತ್ತ, "ಶರಬತ್ ಹೋತಲ್ಲ ಮುತ್ಯಾ," ಅಂದಳು. ಮುತ್ಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಈಗ ಮುತ್ಯಾ ಇಲ್ಲ, ಮನೆಯಲ್ಲಿ ಕುರಿಯೂ ಇಲ್ಲ. ತಾಂಡೂರಿನಲ್ಲಿ ಪಾಠ ಹೇಳುವ ಸಾವಿತ್ರಿ ಈ ಕಥೆಯನ್ನು ನಗುನಗುತ್ತ ಹೇಳುತ್ತಾಳೆ. ನಾನು ಮಾತ್ರ ಆ ಒಂದು ಹೆಜ್ಜೆಯಲ್ಲೇ ನಿಂತಿದ್ದೇನೆ. ಮಗ ರಸ್ತೆಯತ್ತ ಓಡಿದರೆ ಗಂಟಲಿನಿಂದ ತಾನಾಗಿ ಬರುತ್ತದೆ, "ಹಿರ್‍ರ್‍ರ್ ಹೋ!"

ಅವನು ತಿರುಗಿ ನೋಡಿ ನಗುತ್ತಾನೆ. ಕಾಲು ಮಾತ್ರ ನಿಲ್ಲುವುದಿಲ್ಲ.