ಹಲಗೆಯ ಮೇಲಿನ ಬಿಲ್ಲೆ

ನಾವಿರುವ ನ್ಯೂವೆಗೈನ್‌ನಿಂದ ಹೇರ್ಲೆನ್‌ಗೆ ಹೆದ್ದಾರಿ ಹಿಡಿದು ನೇರ ಹೋದರೆ ಎರಡು ಗಂಟೆಯ ದಾರಿ. ನಾನು ಮಾತ್ರ ಮಾಸ್ಟ್ರಿಕ್ಟ್‌ವರೆಗೆ ಹೋಗಿ ಅಲ್ಲಿಂದ ಕಾರನ್ನು ರೋಮನ್ನರ ಕಾಲದ ಹಳೆಯ ರಸ್ತೆಯ ಕಡೆ ತಿರುಗಿಸಿದೆ. ಎರಡು ಸಾವಿರ ವರ್ಷದ ಹಿಂದೆ ಸೈನಿಕರು ನಡೆದ ದಾರಿಯನ್ನು ಅಪ್ಪನಿಗೆ ತೋರಿಸಬೇಕೆಂಬ ಹುರುಪು. ಡಚ್ಚರ ದೇಶವೆಲ್ಲ ದೋಸೆಕಲ್ಲಿನಂತೆ ಚಪ್ಪಟೆ, ಈ ಮೂಲೆಯಲ್ಲಿ ಮಾತ್ರ ಗುಡ್ಡ, ಇಳಿಜಾರು, ನಡುನಡುವೆ ಸೇಬಿನ ತೋಟ. ನಾನು ಗೈಡಿನಂತೆ ವಿವರಿಸುತ್ತ ಹೋದೆ. ಯಾರೂ ಸೊಪ್ಪು ಹಾಕಲಿಲ್ಲ. ಅಪ್ಪ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಪಕ್ಕದಲ್ಲಿ ನನ್ನ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು.

ಹೇರ್ಲೆನ್ ಒಂದು ಕಾಲದಲ್ಲಿ ಕಲ್ಲಿದ್ದಲ ಗಣಿಯ ಊರು. ಅಪ್ಪ ನಮ್ಮ ಕಡೆಯ ಒಂದು ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಆದರೆ ಈ ಪ್ರಯಾಣ ಅವರಿಗಾಗಿ ಅಲ್ಲ, ನನ್ನ ಹೆಂಡತಿಗಾಗಿ.

ಗಣಿ ಕಾಲನಿಯಲ್ಲಿ ಅವಳದು ನಮ್ಮ ಪಕ್ಕದ ಮನೆ. ಅವಳಪ್ಪ ಮತ್ತು ನನ್ನಪ್ಪ ಒಂದೇ ಪಾಳಿಯಲ್ಲಿ ಇಳಿಯುತ್ತಿದ್ದ ಜೀವದ ಗೆಳೆಯರು. ಅವಳಿಗೆ ಐದು ವರ್ಷವಿದ್ದಾಗ ಅವಳಪ್ಪ ಗಣಿಯೊಳಗೆ ಕಲ್ಲು ಕುಸಿದು ಸತ್ತರು. ಸಾವಿಗಿಂತ ಕೆಟ್ಟದ್ದು ಆಮೇಲೆ ಆಯಿತು. ಇಳಿಯುವ ಪ್ರತಿಯೊಬ್ಬರ ಬಳಿಯೂ ನಂಬರಿನ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಮೇಲೆ ಬಂದವರು ಅದನ್ನು ಹಲಗೆಯ ಮೊಳೆಗೆ ತೂಗುಹಾಕಬೇಕು. ಅವಳಪ್ಪನ ಬಿಲ್ಲೆ ಹಲಗೆಯಲ್ಲೇ ಇತ್ತು, ಹೆಣ ಕೆಳಗೆ ಸಿಕ್ಕಿತು. ಹಾಗಾದರೆ ಮೇಲೆ ಬಂದವನು ಮತ್ತೆ ಕದ್ದು ಇಳಿದಿದ್ದಾನೆ, ಚಿನ್ನದ ಕಲ್ಲು ಕದಿಯಲು ಹೋಗಿ ಸತ್ತಿದ್ದಾನೆ ಎಂದು ವಿಚಾರಣೆಯಲ್ಲಿ ಬರೆದು ಮುಗಿಸಿದರು. ಶಾಲೆಯಲ್ಲಿ ಹುಡುಗರು ಅವಳನ್ನು ಕಳ್ಳನ ಮಗಳು ಎನ್ನುತ್ತಿದ್ದರು. ಒಮ್ಮೆ ನಾನೂ ಅಂದಿದ್ದೆ. ಅಪ್ಪ ನನ್ನನ್ನು ಬೆಲ್ಟಿನಿಂದ ಬಾರಿಸಿದ್ದು ಅದೊಂದೇ ಸಲ.

ಆ ಮನೆಯನ್ನು ಅಪ್ಪ ತಮ್ಮದೇ ಮನೆಯಂತೆ ನೋಡಿಕೊಂಡರು. ಅವಳನ್ನು ಓದಿಸಿದರು, ಕೊನೆಗೆ ನನಗೇ ತಂದುಕೊಂಡರು. ದೇವರಂಥ ಮನುಷ್ಯ ಎಂದು ಕಾಲನಿಯೇ ಹೊಗಳಿತು. ನಾನೂ ನಂಬಿದ್ದೆ, ಹೆಮ್ಮೆಪಟ್ಟಿದ್ದೆ.

ಕಾಲನಿಯಲ್ಲಿ ಹೆಂಗಸರು ಗಣಿಯ ಗೇಟು ದಾಟುವಂತಿರಲಿಲ್ಲ. ಹೇರ್ಲೆನ್‌ನಲ್ಲಿ ಗಣಿಯ ಮ್ಯೂಸಿಯಂ ಇದೆಯೆಂದು ತಿಳಿದ ದಿನದಿಂದ ಅವಳು ಹಟ ಹಿಡಿದಿದ್ದಳು. "ಒಮ್ಮೆ ನೋಡಬೇಕು ನಾನು. ಕಾಕಾ ಜೊತಿಗಿದ್ರ ಎಲ್ಲಾ ತಿಳಿಸಿ ಹೇಳ್ತಾರ," ಎಂದಳು. ಅಪ್ಪನನ್ನು ಅವಳು ಈಗಲೂ ಕಾಕಾ ಎಂದೇ ಕರೆಯುವುದು. ಅಪ್ಪ ವಾರವಿಡೀ ಮಂಡಿನೋವು, ಚಳಿ ಎಂದು ನೆಪ ಹೇಳಿದರು. ರಿಟೈರಾದ ಕಂಡಕ್ಟರನ್ನು ಬಸ್‌ಸ್ಟ್ಯಾಂಡಿಗೆ ಟೂರ್ ಕರೆದೊಯ್ದರೆ ಅವನಿಗಾದರೂ ಏನು ಖುಷಿ ಎಂದು ನಾನು ತಮಾಷೆ ಮಾಡಿದೆ. ಆಮೇಲೆ ರೇಗಿ, ಎಬ್ಬಿಸಿ, ಕಾರಿಗೆ ಹತ್ತಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಬೇಕು.

ಮ್ಯೂಸಿಯಂನಲ್ಲಿ ನಮಗೆ ಸಿಕ್ಕಿದವರು ಹದಿನೇಳನೇ ವಯಸ್ಸಿಗೇ ಗಣಿಗಿಳಿದಿದ್ದ ಒಬ್ಬ ಡಚ್ ಮುದುಕರು. ದೀಪ, ಬೂಟು, ಪಂಜರದಂಥ ಲಿಫ್ಟು ಎಲ್ಲ ತೋರಿಸಿ ಒಂದು ಹಲಗೆಯ ಮುಂದೆ ನಿಂತರು. ಸಾಲುಸಾಲು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ನನ್ನ ಹೆಂಡತಿ ಅದಕ್ಕೇ ಕಾದವಳಂತೆ ಇಂಗ್ಲಿಷಿನಲ್ಲಿ ಕೇಳಿದಳು: ಬಿಲ್ಲೆ ತೂಗುಹಾಕಿದ ಮೇಲೆ ಒಬ್ಬ ಮನುಷ್ಯ ಮತ್ತೆ ಕೆಳಗಿಳಿಯಬಹುದೇ?

ಮುದುಕರು ಇಲ್ಲವೆಂದು ತಲೆಯಾಡಿಸಿದರು. ಕೈಯಲ್ಲಿ ಬಿಲ್ಲೆ ಇಲ್ಲದವನನ್ನು ಲಿಫ್ಟಿನವನು ಹತ್ತಿಸುವುದೇ ಇಲ್ಲ ಎಂದರು.

ಅವಳು ಅಪ್ಪನ ಕಡೆ ತಿರುಗಿದಳು. "ನಮ್ಮಲ್ಲೂ ಹಿಂಗ ಇತ್ತೇನ್ರಿ ಕಾಕಾ?"

ಅಪ್ಪ ಹೊರಗೆ ನಡೆದರು.

ಹೊರಗಿನ ಬೆಂಚಿನಲ್ಲಿ ಅವರು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದರು. ಎದೆನೋವೇನೋ ಎಂದು ನಾನು ನೀರಿನ ಬಾಟಲಿ ಹುಡುಕುತ್ತಿದ್ದಾಗ, ಪಕ್ಕಕ್ಕೆ ಬಂದು ಕುಳಿತ ಅವಳಿಗೆ ಹೇಳಿದರು.

"ನಿಮ್ಮಪ್ಪ ಮ್ಯಾಲೆ ಬರಲೇ ಇಲ್ಲ ತಂಗಿ. ಆ ಬಿಲ್ಲೆ ಹಾಕಿದಾಂವ ನಾನು."

ಪಾಳಿ ಮುಗಿದಿತ್ತಂತೆ. ಅವಳಪ್ಪ ಬುತ್ತಿಯ ಡಬ್ಬಿಯನ್ನು ಕೆಲಸದ ಜಾಗದಲ್ಲೇ ಮರೆತು ಲಿಫ್ಟಿನವರೆಗೆ ಬಂದಿದ್ದರು. ನೀ ಹೋಗು, ನಂದೂ ಹಾಕು, ಮುಂದಿನ ಲಿಫ್ಟಿಗೆ ಬರ್ತೀನಿ ಎಂದು ತಮ್ಮ ಬಿಲ್ಲೆಯನ್ನು ಅಪ್ಪನ ಕೈಗಿಟ್ಟು ಹಿಂದಕ್ಕೆ ಹೋದರು. ಗೆಳೆಯರ ಬಿಲ್ಲೆ ಒಬ್ಬರೇ ಹಾಕುವುದು ದಿನದ ರೂಢಿ, ಇಲ್ಲದಿದ್ದರೆ ಹಲಗೆಯ ಮುಂದಿನ ಸಾಲಿನಲ್ಲಿ ಅರ್ಧ ಗಂಟೆ ನಿಲ್ಲಬೇಕು. ಕಾಲನಿಯ ನಲ್ಲಿಗೆ ನೀರು ಬರುವ ಹೊತ್ತಾಗಿತ್ತು. ಅಪ್ಪ ಎರಡೂ ಬಿಲ್ಲೆ ಹಾಕಿ ಮನೆಗೆ ಬಂದು ನೀರು ತುಂಬಿದರು. ಹಲಗೆ ಭರ್ತಿಯಾಗಿತ್ತು. ಹಾಗಾಗಿ ಆ ರಾತ್ರಿ ಗಣಿಯೊಳಗೆ ಯಾರೂ ಹುಡುಕಲಿಲ್ಲ.

"ಮರುದಿನ ಪಾಳಿಗಿಳದಾಗ ಕಲ್ಲು ಸರಿಸಿ ಅವನ್ನ ತಗದೀವಿ. ಕೈಯಾಗ ಒಂದು ಕಲ್ಲಿತ್ತು. ಪೈಪಿಗೆ ಬಡದಿದ್ದ, ಕೇಳಿ ಯಾರರ ಬರ್ತಾರಂತ. ಪೈಪಿನ ತುಂಬಾ ಗುರುತಿದ್ವು."

"ಮತ್ತ ಅವರೆಲ್ಲ ಕಳ್ಳ ಅಂದಾಗ?" ಎಂದಳು.

"ನೌಕರಿ ಹೋಗ್ತದಂತ ಸುಮ್ನಿದ್ದೆ. ಆಮ್ಯಾಲೆ, ಸುಮ್ನಿದ್ದೆ ಅಂತ ಸುಮ್ನಿದ್ದೆ."

ನನಗೆ ಅಪ್ಪನ ಮೇಲೆ ಅಸಹ್ಯ ಬಂತು. ಅದರ ಬೆನ್ನಿಗೇ, ಅದಕ್ಕಿಂತ ಜೋರಾಗಿ, ಹೆದರಿಕೆ. ನಾನು ಓಡಾಡಿದ ಮನೆ, ಕಟ್ಟಿದ ತಾಳಿ, ಎಲ್ಲವೂ ಆ ಒಂದು ಮೊಳೆಗೆ ತೂಗುತ್ತಿದ್ದವು. ಇವಳು ಇನ್ನು ನನ್ನ ಜೊತೆ ಇರುತ್ತಾಳೆಯೇ ಎಂಬುದೊಂದೇ ನನಗೆ ಮುಖ್ಯವಾಯಿತು. ಸತ್ತವರ ಬಗ್ಗೆ ಆ ಗಳಿಗೆಯಲ್ಲಿ ನಾನು ಯೋಚಿಸಲಿಲ್ಲ. ಅಪ್ಪನ ಮಗನೇ ನಾನು.

ಅವಳು ಅಳಲಿಲ್ಲ. ಎದ್ದು ಕಾರಿನ ಕಡೆ ನಡೆದಳು. ನಾವಿಬ್ಬರೂ ತಪ್ಪು ಮಾಡಿದ ಹುಡುಗರ ಹಾಗೆ ಅವಳ ಹಿಂದೆ ಹೋಗಿ ಕಾರಿನಲ್ಲಿ ಕುಳಿತೆವು. ನಾನು ಕೀಲಿಗೆ ಕೈ ಹಾಕಿದಾಗ "ತಡಿ," ಎಂದಳು. ಫೋನ್ ತೆಗೆದು ಸ್ಪೀಕರ್ ಹಾಕಿ ತನ್ನ ಅವ್ವನಿಗೆ ಕರೆ ಮಾಡಿದಳು. ರಿಂಗಾಗುತ್ತಿರುವಾಗಲೇ ಅದನ್ನು ಹಿಂದಿನ ಸೀಟಿಗೆ ಚಾಚಿದಳು.

"ನೀವ ಹೇಳ್ರಿ. ನಾ ಹೇಳಂಗಿಲ್ಲ. ನಮ್ಮವ್ವ ಇಷ್ಟು ವರ್ಷ ಯಾರ ಮುಂದೂ ತಲಿ ಎತ್ತಿ ನಡದಿಲ್ಲ."

ಅಪ್ಪ ಕೈ ಚಾಚಿದರು. ಫೋನ್ ತೆಗೆದುಕೊಂಡರು.

ಆ ಕಡೆ ಅತ್ತೆ ಎತ್ತಿದರು. ಅಪ್ಪನ ಕೆಮ್ಮು ಕೇಳಿಯೇ ಯಾರೆಂದು ಗೊತ್ತಾಗಿರಬೇಕು. "ಅಣ್ಣಾರ? ಆರಾಮ ಅದೀರಿ? ಅಲ್ಲಿ ಥಂಡಿ ಭಾಳಂತ, ಕಿವಿಗೆ ಕಟ್ಟಿಕೊಳ್ರಿ. ಊಟ ಆತೇನು?"

"ಆತವ್ವಾ," ಎಂದರು ಅಪ್ಪ. "ನಿನಗೊಂದು ಮಾತು ಹೇಳೂದೈತಿ."

ಫೋನ್ ಕಸಿದುಕೊಳ್ಳಲು ನನ್ನ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಅವಳು ನನ್ನ ಮಣಿಕಟ್ಟು ಹಿಡಿದಳು. ಅಪ್ಪ ಹೇಳಿ ಮುಗಿಸುವವರೆಗೂ ಬಿಡಲಿಲ್ಲ.